ಜವಳು ನೆಲವೂ ಸಾರಜನಕದ ಮಾತೂ: ಒಂದು ಪರಿಭಾಷಾ ವಿಮರ್ಶೆ

೧

ಶಾಸ್ತ್ರಗ್ರಂಥಗಳ ಭಾಷೆಯು ಸಾಹಿತ್ಯ ವಿಮರ್ಶೆಯ ಎಲ್ಲೆಗೆ ಹೊರಗಾದುದೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ನೆಲೆನಿಂತಿರುವುದು. ಕಾವ್ಯದಲ್ಲಿ ಒಂದು ವಿಶೇಷಣವು ಅನುಚಿತವಾದರೆ ಅದನ್ನು ಹಿಡಿದು ವಿಚಾರಿಸುವ ನಾವು, ಬಾಲಕರ ವಿಜ್ಞಾನ ಪಾಠದಲ್ಲಿಯೂ ರೈತರಿಗಾಗಿ ಅಚ್ಚಾದ ಕೈಹೊತ್ತಿಗೆಯಲ್ಲಿಯೂ ಬರುವ ಮಾತು ಅರ್ಥಕ್ಕೆ ವಿರುದ್ಧವಾಗಿದ್ದರೂ ‘ಅದು ಪಾರಿಭಾಷಿಕ’ವೆಂದು ಬಿಟ್ಟುಬಿಡುವೆವು. ಆದರೆ ಔಚಿತ್ಯವೆಂಬುದು ಕಾವ್ಯಕ್ಕೆ ಮಾತ್ರ ಸಂದ ಧರ್ಮವಲ್ಲ. ತಪ್ಪಾದ ಉಪಮೆಯಿಂದ ರಸಭಂಗವಾಗುವುದು. ತಪ್ಪಾದ ಪರಿಭಾಷೆಯಿಂದ ಒಂದು ಹೊಲವೇ ಕೆಡಬಹುದು.

ಈ ಮಾತಿಗೆ ನಿದರ್ಶನವಾಗಿ ಒಂದೇ ಒಂದು ವಾಕ್ಯವನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಳ್ಳಲಾಗಿದೆ. ಅದು ಯಾವುದೊಂದು ಪುಸ್ತಕದಿಂದಲೂ ಎತ್ತಿದುದಲ್ಲ. ಆ ಜಾತಿಯ ವಾಕ್ಯಗಳ ಸಾಮಾನ್ಯ ರೂಪವೆಂದು ತಿಳಿಯಬೇಕು. ‘ಜಲಾವೃತ ಮಣ್ಣಿನಲ್ಲಿ ಸ್ವತಂತ್ರಜೀವಿ ಬ್ಯಾಕ್ಟೀರಿಯಗಳು ವಾತಾವರಣದ ಸಾರಜನಕವನ್ನು ಸ್ಥಿರೀಕರಿಸಿ ಫಲವತ್ತತೆಯನ್ನು ಹೆಚ್ಚಿಸುತ್ತವೆ.’ ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ವಿಜ್ಞಾನದ ದೃಷ್ಟಿಯಿಂದಲೂ ಪೂರ್ತಿ ಸುಳ್ಳೆನ್ನುವಂತಿಲ್ಲ. ಆದರೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನೆಲದಲ್ಲಿ ನಿಂತು ಇದನ್ನು ಓದಿದರೆ ಇದರ ಒಂದೊಂದು ಪದವೂ ಒಂದೊಂದು ಬಗೆಯಲ್ಲಿ ಜಾರುವುದು. ಆ ಜಾರುವಿಕೆಯ ಸ್ವರೂಪವೇನೆಂಬುದೇ ಪ್ರಕೃತ ಲೇಖನದ ವಿಷಯ.

ಈ ನಾಲ್ಕು ಊರುಗಳನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ೧೯೯೭ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯು ಸ್ವಭಾವತಃ ಮಳೆ ಕಡಮೆಯಾದ ನಾಡು. ವರ್ಷದ ಸರಾಸರಿ ಮಳೆ ೬೦೦ ಮಿಲಿಮೀಟರಿನ ಆಸುಪಾಸಿನದು. ಆದರೂ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಮೂರೂ ಇದರ ಮೈಮೇಲೆ ಹರಿಯುವುವು. ಆ ನದಿಗಳ ಅಣೆಕಟ್ಟುಗಳೂ ಕಾಲುವೆಗಳೂ ಇದನ್ನು ಬಳಸಿರುವುವು. ಒಣನೆಲದ ಮೇಲೆ ನೀರು ಬಂದು ನಿಂತಾಗ ಮಣ್ಣಿಗೂ ಮಾತಿಗೂ ಏನಾಗುವುದೆಂಬುದನ್ನು ನೋಡುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಕನ್ನಡ ನಾಡಿನಲ್ಲಿ ದೊರೆಯುವುದು ಕಷ್ಟ.

೨

ಮೊದಲು ‘ಸಾರಜನಕ’ವೆಂಬ ಮಾತನ್ನು ತೆಗೆದುಕೊಳ್ಳೋಣ. ಜಲಜನಕ, ಆಮ್ಲಜನಕಗಳೆರಡೂ ಯೂರೋಪಿನ ಹೆಸರುಗಳ ಪಡಿಯಚ್ಚುಗಳು. ನೀರನ್ನು ಹುಟ್ಟಿಸುವುದು, ಆಮ್ಲವನ್ನು ಹುಟ್ಟಿಸುವುದು ಎಂಬ ಗ್ರೀಕ್ ಧಾತ್ವರ್ಥವನ್ನೇ ಅವು ಕನ್ನಡಿಸುವುವು. ಸಾರಜನಕವು ಹಾಗಲ್ಲ. ಲಾವಾಸಿಯೆಯು ಈ ಅನಿಲಕ್ಕೆ ‘ಅಜೋತ್’ ಎಂದು, ಎಂದರೆ ‘ಜೀವವಿಲ್ಲದುದು’ ಎಂದು ಹೆಸರಿಟ್ಟನು. ಅದರಲ್ಲಿ ಪ್ರಾಣಿಗಳು ಬದುಕಲಾರವೆಂಬುದೇ ಆತನು ಕಂಡ ಲಕ್ಷಣ. ಜರ್ಮನರು ‘ಉಸಿರು ಕಟ್ಟಿಸುವ ವಸ್ತು’ ಎಂದು ಕರೆದರು. ೧೭೯೦ರಲ್ಲಿ ಶಾಪ್ತಾಲನು ಪೆಟ್ಲುಪ್ಪನ್ನು ಹುಟ್ಟಿಸುವುದೆಂಬ ಅರ್ಥದಲ್ಲಿ ‘ನೈಟ್ರೊಜನ್’ ಎಂಬ ಹೆಸರನ್ನು ಸೂಚಿಸಿದನು. ನಮ್ಮ ನೆರೆಯ ಭಾಷೆಗಳಲ್ಲಿ ತೆಲುಗು ‘ನತ್ರಜನಿ’ ಎಂದೂ, ಮರಾಠಿ ‘ನತ್ರ’ವೆಂದೂ, ಬಂಗಾಳಿ ‘ಯವಕ್ಷಾರಜಾನ’ವೆಂದೂ ಹೇಳಿ ಈ ಶಾಪ್ತಾಲನ ದಾರಿಯನ್ನೇ ಹಿಡಿದುವು. ಕನ್ನಡವೂ ಅದೇ ದಾರಿಯಲ್ಲಿ ಹೋಗಿದ್ದರೆ ‘ಪೆಟ್ಲುಪ್ಪುಜನಕ’ವೆಂಬಂಥ ಮಾತು ಹುಟ್ಟಬೇಕಾಗಿತ್ತು. ಹಾಗಾಗದೆ ಕನ್ನಡವು ಮಣ್ಣಿನ ಕಡೆಗೆ ನೋಡಿತು. ಬೆಳೆಗೆ ಹಸುರನ್ನೂ ಕಾಳಿಗೆ ತಿರುಳನ್ನೂ ಕೊಡುವ ‘ಸಾರ’ವನ್ನು ಹುಟ್ಟಿಸುವುದು ಯಾವುದೋ ಅದು ಸಾರಜನಕ. ಒಂದು ರಾಸಾಯನಿಕ ಪದಾರ್ಥವನ್ನು ಒಕ್ಕಲಿಗನ ಕಣ್ಣಿನಿಂದ ಹೆಸರಿಸಿದ ಈ ಧೈರ್ಯವು ಮೆಚ್ಚತಕ್ಕದ್ದೇ ಸರಿ.

ಆದರೆ ಮೆಚ್ಚುಗೆಯ ಜೊತೆಗೆ ಎಚ್ಚರವೂ ಬೇಕು. ಗಾಳಿಯಲ್ಲಿ ನೂರಕ್ಕೆ ೭೮ ಭಾಗ ಸಾರಜನಕವಿರುವುದು. ಒಂದು ಹೆಕ್ಟೇರು ಹೊಲದ ಮೇಲೆ ನಿಂತ ಗಾಳಿಯ ಕಂಬದಲ್ಲಿ ೭೫,೦೦೦ ಟನ್ನಿಗೂ ಮಿಕ್ಕ ಸಾರಜನಕವುಂಟು. ಹೆಸರನ್ನು ನಂಬಿದರೆ ನಮ್ಮ ತಲೆಯ ಮೇಲೆ ಸಾರದ ಕಡಲೇ ಇರುವಂತಾಯಿತು. ವಸ್ತುಸ್ಥಿತಿ ಬೇರೆ. ಗಾಳಿಯಲ್ಲಿ ಸಾರಜನಕದ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದಪ್ಪಿರುವುವು. ಆ ಅಪ್ಪುಗೆ ಬಿಡುವವರೆಗೆ ಯಾವ ಗಿಡಕ್ಕೂ ಅದರಿಂದ ಕಾಸಿನ ಪ್ರಯೋಜನವಿಲ್ಲ. ‘ಅಜೋತ್’ ಎಂಬ ಹೆಸರು ಗಾಳಿಯಲ್ಲಿರುವಾಗಿನ ಸ್ಥಿತಿಯನ್ನು ಹೇಳುವುದು. ‘ಸಾರಜನಕ’ವೆಂಬುದು ಮಣ್ಣಿಗೆ ಸೇರಿದ ಮೇಲಿನ ಸ್ಥಿತಿಯನ್ನು ಹೇಳುವುದು. ಈ ಎರಡು ಸ್ಥಿತಿಗಳ ನಡುವೆ ನಡೆಯುವ ಕೆಲಸವೇ ನಮ್ಮ ವಾಕ್ಯದ ಕ್ರಿಯಾಪದದ ಹೊಣೆ. ಆ ಹೊಣೆಯನ್ನು ಅದು ಹೊತ್ತಿದೆಯೇ?

೩

‘ಸ್ಥಿರೀಕರಣ’ವೆಂಬುದು ಇಂಗ್ಲಿಷಿನ ‘ಫಿಕ್ಸೇಷನ್’ ಎಂಬುದರ ನೇರವಾದ ಅನುವಾದ. ಇಂಗ್ಲಿಷಿನಲ್ಲಿ ಆ ಮಾತಿಗೆ ಒಂದು ಹಿನ್ನೆಲೆಯುಂಟು. ಹದಿನೆಂಟನೆಯ ಶತಮಾನದಲ್ಲಿ ಸುಣ್ಣಕಲ್ಲು ಮೊದಲಾದ ಘನವಸ್ತುಗಳಲ್ಲಿ ಕಟ್ಟುಬಿದ್ದಿರುವ ಅನಿಲವನ್ನು ‘ನೆಟ್ಟ ಗಾಳಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಜೋಸೆಫ್ ಬ್ಲ್ಯಾಕ್ ಎಂಬಾತನ ೧೭೫೬ರ ಪ್ರಬಂಧದಿಂದ ಆ ಮಾತು ಪ್ರಸಿದ್ಧವಾಯಿತು. ಹಾರಾಡುವ ಅನಿಲವನ್ನು ಒಂದು ವಸ್ತುವಿನಲ್ಲಿ ಕಟ್ಟಿಹಾಕುವುದೇ ಅಲ್ಲಿ ಅಭಿಪ್ರೇತವಾದ ಅರ್ಥ. ಈ ಇತಿಹಾಸವು ಸಂಸ್ಕೃತದ ‘ಸ್ಥಿರ’ ಶಬ್ದಕ್ಕೆ ಬರಲಿಲ್ಲ. ನಮಗೆ ಸ್ಥಿರವೆಂದರೆ ಚಲಿಸದುದು, ಕದಲದುದು, ಬಹುಕಾಲ ಉಳಿಯುವುದು. ಸ್ಥಿರಾಸ್ತಿ, ಸ್ಥಿರಚಿತ್ತ, ಸ್ಥಿರವಾರಗಳೆಲ್ಲ ಈ ಅರ್ಥದಿಂದಲೇ ಬಂದುವು.

ಈಗ ಅರ್ಥವನ್ನು ವಸ್ತುವಿನೊಡನೆ ತಾಳೆ ನೋಡಬೇಕು. ಗಾಳಿಯ ಸಾರಜನಕವೇ ಇರುವುದರಲ್ಲೆಲ್ಲ ಹೆಚ್ಚು ಸ್ಥಿರವಾದುದು. ಸೂಕ್ಷ್ಮಜೀವಿಯು ಮಾಡುವ ಕೆಲಸವು ಆ ಸ್ಥಿರತೆಯನ್ನು ಒಡೆಯುವುದು. ‘ನೈಟ್ರೊಜಿನೇಸ್’ ಎಂಬ ಕಿಣ್ವದ ನೆರವಿನಿಂದ ಅದು ಸಾರಜನಕದ ಒಂದು ಅಣುವನ್ನು ಸೀಳಿ ಜಲಜನಕದೊಡನೆ ಕೂಡಿಸಿ ಅಮೋನಿಯದ ಎರಡು ಅಣುಗಳನ್ನಾಗಿ ಮಾಡುವುದು. ಇದಕ್ಕಾಗಿ ೮ ಎಲೆಕ್ಟ್ರಾನುಗಳನ್ನೂ ಜೀವಕೋಶದ ಶಕ್ತಿನಾಣ್ಯವೆನಿಸಿದ ಏಟೀಪಿಯ ಕಡಮೆಯೆಂದರೆ ೧೬ ಅಣುಗಳನ್ನೂ ವೆಚ್ಚಮಾಡುವುದು. ಹೀಗೆ ಹುಟ್ಟಿದ ಅಮೋನಿಯವು ಸ್ಥಿರವಾಗಿ ಕೂಡುವುದೇ? ಇಲ್ಲ. ಗಾಳಿಯಾಡುವಲ್ಲಿ ಅದು ನೈಟ್ರೇಟಾಗುವುದು, ನೀರಿನೊಡನೆ ಜಾರುವುದು, ಗಿಡದ ಬೇರನ್ನು ಸೇರುವುದು, ಮತ್ತೆ ಅನಿಲವಾಗಿ ಹಾರುವುದು. ಎಂದಮೇಲೆ ಸ್ಥಿರವಾಗಿದ್ದುದನ್ನು ಚರವಾಗಿಸುವ ಕ್ರಿಯೆಗೆ ನಾವು ‘ಸ್ಥಿರೀಕರಣ’ವೆಂದು ಹೆಸರಿಟ್ಟಿರುವೆವು. ಇದು ವಿಪರೀತಲಕ್ಷಣೆಯೆಂದರೆ ಅತಿಶಯೋಕ್ತಿಯಾಗದು.

ಒಣಭೂಮಿಯ ಪಾಠದಲ್ಲಿ ಈ ದೋಷವು ಅಷ್ಟಾಗಿ ಬಾಧಿಸುವುದಿಲ್ಲ. ಹುನಗುಂದದ ಎರೆನೆಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿದರೆ ಅದರ ಬೇರಿನ ಗಂಟುಗಳಲ್ಲಿ ಸಹಜೀವಿಗಳಾದ ಬ್ಯಾಕ್ಟೀರಿಯಗಳು ಸಾರಜನಕವನ್ನು ಕೂಡಿಸುವುವು. ಗಂಟು ಕಣ್ಣಿಗೆ ಕಾಣುವುದರಿಂದ ಯಾವುದೋ ಒಂದು ವಸ್ತು ಅಲ್ಲಿ ‘ಸ್ಥಿರ’ವಾಯಿತೆಂದು ವಿದ್ಯಾರ್ಥಿ ಗ್ರಹಿಸಿದರೆ ದೊಡ್ಡ ಹಾನಿಯಿಲ್ಲ. ಆ ಮಾತು ಪೂರ್ತಿಯಾಗಿ ಕೈಕೊಡುವುದು ನೀರು ನಿಂತ ನೆಲದಲ್ಲಿ.

೪

ನೀರು ನಿಂತ ನೆಲದಲ್ಲಿ ಆಗುವುದೇನು? ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬುವುದು. ನೀರಿನ ಮೂಲಕ ಆಮ್ಲಜನಕವು ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಹತ್ತುಸಾವಿರದ ಒಂದು ಪಾಲಿನಷ್ಟು. ಇದ್ದ ಆಮ್ಲಜನಕವನ್ನು ಮಣ್ಣಿನ ಜೀವಿಗಳು ಬೇಗನೆ ಮುಗಿಸಿಬಿಡುವುವು. ಆಮೇಲೆ ಅವು ಉಸಿರಾಟಕ್ಕೆ ನೈಟ್ರೇಟನ್ನೂ, ಅನಂತರ ಮ್ಯಾಂಗನೀಸು, ಕಬ್ಬಿಣ, ಗಂಧಕಗಳ ಸಂಯುಕ್ತಗಳನ್ನೂ ಕ್ರಮವಾಗಿ ಬಳಸುವುವು. ಕೊನೆಗೆ ಜವುಗಿನ ಅನಿಲವೆನಿಸಿದ ಮೀಥೇನು ಹುಟ್ಟುವುದು. ನೀರಿಗೆ ತಾಗಿದ ಮೇಲ್ಮೈಯ ಕೆಲವೇ ಮಿಲಿಮೀಟರುಗಳಲ್ಲಿ ಮಾತ್ರ ಆಮ್ಲಜನಕವು ಉಳಿದಿರುವುದು.

ಈ ಗಾಳಿಗೆಟ್ಟ ಸ್ಥಿತಿಯು ಸಾರಜನಕದ ಕೂಡಿಕೆಗೆ ಒಂದು ದೃಷ್ಟಿಯಿಂದ ಅನುಕೂಲ. ನೈಟ್ರೊಜಿನೇಸ್ ಕಿಣ್ವವು ಆಮ್ಲಜನಕವನ್ನು ಸಹಿಸಲಾರದು. ೧೮೯೩ರಲ್ಲಿ ವಿನೋಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿಯು, ಗಿಡದ ಬೇರಿನ ನೆರವಿಲ್ಲದೆ ಮಣ್ಣಿನಲ್ಲಿ ತಾನೇ ಬದುಕಿ ಸಾರಜನಕವನ್ನು ಕೂಡಿಸುವ ಒಂದು ಬ್ಯಾಕ್ಟೀರಿಯವನ್ನು ಪ್ರಕಟಪಡಿಸಿದನು. ಈಗ ಅದರ ಹೆಸರು ಕ್ಲಾಸ್ಟ್ರಿಡಿಯಂ ಪಾಸ್ಟೂರಿಯಾನಂ. ಅದು ಆಮ್ಲಜನಕವಿಲ್ಲದಲ್ಲಿ ಬೆಳೆಯುವಂಥದು. ೧೯೦೧ರಲ್ಲಿ ಹಾಲೆಂಡಿನ ಬೈಜರಿಂಕನು ಗಾಳಿಯನ್ನು ಬೇಡುವ ಅಜಟೊಬ್ಯಾಕ್ಟರನ್ನು ವರ್ಣಿಸಿದನು. ೧೯೩೯ರಲ್ಲಿ ಢಾಕಾದ ಪಿ. ಕೆ. ಡೇ ಎಂಬವರು, ಭತ್ತದ ಗದ್ದೆಗಳ ನೀರಿನಲ್ಲಿ ನೀಲಿಹಸುರು ಬಣ್ಣದ ಹಾವಸೆಯೇ ಸಾರಜನಕವನ್ನು ಕೂಡಿಸುವುದರಲ್ಲಿ ಪ್ರಧಾನವೆಂಬುದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತೋರಿಸಿದರು; ಆ ಹಾವಸೆಯನ್ನೂ ಈಗ ಬ್ಯಾಕ್ಟೀರಿಯಗಳ ವರ್ಗಕ್ಕೇ ಸೇರಿಸಲಾಗಿದೆ. ೨೦೧೭ರಲ್ಲಿ ಜಪಾನಿನ ವಿದ್ವಾಂಸರು ಭತ್ತದ ಗದ್ದೆಯ ಮಣ್ಣಿನಲ್ಲಿ ಕಬ್ಬಿಣದ ಸಂಯುಕ್ತಗಳಿಂದ ಉಸಿರಾಡುವ ಬ್ಯಾಕ್ಟೀರಿಯಗಳೂ ಈ ಕಾರ್ಯದಲ್ಲಿ ಮುಂದಾಗಿರುವುದನ್ನು ಕಂಡುಹಿಡಿದರು. ಹೀಗೆ ಜ್ಞಾನವು ಬೆಳೆಯುತ್ತಲೇ ಇದೆ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನು ನಮ್ಮ ವಾಕ್ಯವು ಮರೆಸುವುದು. ಆಮ್ಲಜನಕವಿಲ್ಲದ ಪದರದಲ್ಲಿ ನೈಟ್ರೇಟನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಗಳು ಅದನ್ನು ಒಡೆದು ಮತ್ತೆ ಗಾಳಿಯ ಸಾರಜನಕವನ್ನಾಗಿ ಹಾರಿಸಿಬಿಡುವುವು. ಒಂದೇ ಹೊಲದ ಒಂದೇ ಹಿಡಿ ಮಣ್ಣಿನಲ್ಲಿ, ಕೆಲವೇ ಮಿಲಿಮೀಟರುಗಳ ಅಂತರದಲ್ಲಿ, ಒಂದು ಕಡೆ ಆದಾಯ, ಇನ್ನೊಂದು ಕಡೆ ವೆಚ್ಚ. ನೀರು ಒಮ್ಮೆ ನಿಂತು ಒಮ್ಮೆ ಇಂಗಿ ಮತ್ತೆ ನಿಂತರೆ ವೆಚ್ಚವೇ ಹೆಚ್ಚುವುದು. ಏಕೆಂದರೆ ಒಣಗಿದಾಗ ಅಮೋನಿಯವು ನೈಟ್ರೇಟಾಗುವುದು, ನೆನೆದಾಗ ಆ ನೈಟ್ರೇಟು ಹಾರಿಹೋಗುವುದು. ಇಂಥಲ್ಲಿ ‘ಸ್ಥಿರೀಕರಿಸಿ ಫಲವತ್ತತೆಯನ್ನು ಹೆಚ್ಚಿಸುತ್ತವೆ’ ಎಂದರೆ ಜಮೆಯನ್ನು ಮಾತ್ರ ಓದಿ ಖರ್ಚನ್ನು ಮುಚ್ಚಿಟ್ಟ ಕರಣಿಕನ ಲೆಕ್ಕದಂತಾಯಿತು. ‘ಸ್ಥಿರ’ವೆಂಬ ಮಾತೇ ಈ ಮುಚ್ಚುಮರೆಗೆ ಸಹಾಯಕ. ಒಮ್ಮೆ ಸ್ಥಿರವಾದುದು ಹೋಗುವುದೆಲ್ಲಿಗೆಂದು ವಿದ್ಯಾರ್ಥಿಯು ಕೇಳುವುದೇ ಇಲ್ಲ.

೫

‘ಸ್ವತಂತ್ರಜೀವಿ’ ಎಂಬ ವಿಶೇಷಣವನ್ನು ಈಗ ನೋಡಬೇಕು. ಬೇರಿನ ಗಂಟಿನಲ್ಲಿ ಸೇರಿಕೊಳ್ಳದೆ ಮಣ್ಣಿನಲ್ಲಿ ಬೇರೆಯಾಗಿ ಬಾಳುವ ಜೀವಿಯೆಂದು ಇದರ ಇಂಗಿತ. ಸ್ವತಂತ್ರವೆಂಬುದಕ್ಕೆ ‘ಪರರ ಹಂಗಿಲ್ಲದ’ ಎಂಬ ಅರ್ಥವು ನಮ್ಮಲ್ಲಿ ಬಲವಾಗಿರುವುದರಿಂದ, ಈ ಜೀವಿಗಳಿಗೆ ಯಾರಿಂದಲೂ ಏನೂ ಬೇಡವೆಂಬ ಭಾವನೆಯುಂಟಾಗುವುದು. ಇದು ಸರಿಯಲ್ಲ. ವಿನೋಗ್ರಾಡ್ಸ್ಕಿಯ ಬ್ಯಾಕ್ಟೀರಿಯವೇ ಮೊದಲು ದೊರೆತಾಗ ಒಂಟಿಯಾಗಿರಲಿಲ್ಲ. ಸುತ್ತಲಿನ ಬೇರೆ ಬ್ಯಾಕ್ಟೀರಿಯಗಳು ಆಮ್ಲಜನಕವನ್ನು ತಿಂದು ಮುಗಿಸಿದುದರಿಂದಲೇ ಗಾಳಿ ಸೋಕುವ ಪಾತ್ರೆಯಲ್ಲಿಯೂ ಅದಕ್ಕೆ ಬದುಕು ಸಾಧ್ಯವಾಗಿತ್ತು. ಹಾವಸೆಯು ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಬಲ್ಲುದಾದ ಕಾರಣ ಅದನ್ನು ಬಿಟ್ಟರೆ, ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಸಾರಜನಕವನ್ನು ಸೀಳುವ ಶಕ್ತಿಯು ಹುಲ್ಲು, ದಂಟು, ಬೇರು, ಗೊಬ್ಬರಗಳ ಕೊಳೆತದಿಂದಲೇ ಬರತಕ್ಕದ್ದು. ಅಜಟೊಬ್ಯಾಕ್ಟರಿನಂಥ ಜೀವಿಯು ಒಂದು ಗ್ರಾಂ ಸಕ್ಕರೆಯನ್ನು ವೆಚ್ಚಮಾಡಿ ಕೂಡಿಸುವ ಸಾರಜನಕವು ಸುಮಾರು ಹತ್ತಿಪ್ಪತ್ತು ಮಿಲಿಗ್ರಾಂ ಮಾತ್ರ. ಕ್ಲಾಸ್ಟ್ರಿಡಿಯಂ ಅದಕ್ಕಿಂತಲೂ ಕಡಮೆ.

ಆದುದರಿಂದ ಮಣ್ಣಿಗೆ ದಂಟು ಕೂಳೆಗಳು ಮರಳದಿದ್ದರೆ ಈ ‘ಸ್ವತಂತ್ರ’ರು ಉಪವಾಸ ಬೀಳುವರು. ಕಬ್ಬಿನ ರವದಿಯನ್ನು ಹೊಲದಲ್ಲಿಯೇ ಸುಡುವ ರೂಢಿಯುಳ್ಳ ನೀರಾವರಿ ಸೀಮೆಯಲ್ಲಿ ಈ ಅಂಶವು ಮುಖ್ಯ. ಬ್ಯಾಕ್ಟೀರಿಯವು ತಾನಾಗಿಯೇ ಎಲ್ಲವನ್ನೂ ಮಾಡುವುದೆಂದು ಪುಸ್ತಕದ ವಿಶೇಷಣ ಹೇಳಿದರೆ, ಅದಕ್ಕೆ ಆಹಾರವಾಗಬೇಕಾದ ರವದಿಯು ಬೆಂಕಿಗೆ ಹೋಗುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ‘ಬಿಡಿಯಾಗಿ ಬಾಳುವ’ ಎಂದರೆ ಸಾಕು; ಅರ್ಥ ತಪ್ಪದು, ಹಂಗಿಲ್ಲವೆಂಬ ಭ್ರಮೆಯೂ ಹುಟ್ಟದು.

೬

ಇನ್ನು ಉಳಿದುದು ‘ಜಲಾವೃತ’. ನಾಲ್ಕು ಊರುಗಳ ಪ್ರಮಾಣವು ಹೆಚ್ಚಾಗಿ ಬೇಕಾಗುವುದು ಇಲ್ಲಿಯೇ. ಜಲಾವೃತವೆಂದರೆ ನೀರಿನಿಂದ ಸುತ್ತುವರಿದುದು ಅಥವಾ ಮುಚ್ಚಿದುದು. ಈ ಒಂದೇ ಮಾತನ್ನು ನಮ್ಮ ಗದ್ಯವು ನಾಲ್ಕು ಬೇರೆಬೇರೆ ಸ್ಥಿತಿಗಳಿಗೆ ಬಳಸುತ್ತಿರುವುದು.

ಮೊದಲನೆಯದು ನೆರೆ. ೨೦೦೯ರಲ್ಲಿಯೂ ೨೦೧೯ರ ಆಗಸ್ಟಿನಲ್ಲಿಯೂ ಮಲಪ್ರಭೆಯು ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳನ್ನು ಮುಚ್ಚಿತು. ೨೦೧೯ರಲ್ಲಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನೀರು ಬಂದಿತು. ಈ ನೀರು ಕೆಲವು ದಿನ ನಿಂತು ಹೋಗುವುದು. ಹೋಗುವಾಗ ಮೇಲ್ಮಣ್ಣನ್ನು ಒಯ್ಯಬಹುದು, ಹೊಸ ಗೋಡನ್ನು ತರಬಹುದು. ಎರಡನೆಯದು ಹಿನ್ನೀರು. ೧೯೬೪ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿಯ ಅಣೆಕಟ್ಟಿನ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವನ್ನು ನುಂಗಿತು. ಜನರಿಗಾಗಿ ನವನಗರವು ಎದ್ದಿತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರಿನಿಂದಾಗಿ ಬಸವಣ್ಣನವರ ಐಕ್ಯಸ್ಥಳವು ಈಗ ನೀರಿನ ನಡುವೆ ಕಟ್ಟಿದ ಬಾವಿಯಂಥ ಆವರಣದೊಳಗಿರುವುದು. ಹಿನ್ನೀರಿನ ಅಂಚಿನ ನೆಲವು ವರ್ಷದಲ್ಲಿ ಒಮ್ಮೆ ಮುಳುಗಿ ಒಮ್ಮೆ ಏಳುವುದು. ಮೇಲೆ ಹೇಳಿದ ಜಮೆ ಖರ್ಚುಗಳೆರಡೂ ಅಲ್ಲಿ ಸರದಿಯಂತೆ ನಡೆಯುವುವು. ಮೂರನೆಯದು ಗದ್ದೆ, ಒಕ್ಕಲಿಗನು ತಿಳಿದು, ಬದು ಕಟ್ಟಿ, ಭತ್ತಕ್ಕಾಗಿ ನಿಲ್ಲಿಸಿದ ನೀರು. ನಾಲ್ಕನೆಯದು ಕಾಲುವೆಯ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ, ಅಂತರ್ಜಲವು ಬೇರಿನ ಮಟ್ಟಕ್ಕೇರಿದ ನೆಲ. ಇಲ್ಲಿ ಮೇಲೆ ನೀರು ಕಾಣದೆಯೂ ಇರಬಹುದು. ಆದುದರಿಂದ ‘ಆವೃತ’ವೆಂಬ ಮಾತೇ ಇದಕ್ಕೆ ಹೊಂದುವುದಿಲ್ಲ.

ಈ ನಾಲ್ಕನೆಯದಕ್ಕೆ ಕೃಷ್ಣಾ ಘಟಪ್ರಭಾ ತೀರದ ಜನರು ಇಟ್ಟ ಹೆಸರು ‘ಜವಳು’. ಅದರ ನೆರೆಯಲ್ಲಿಯೇ ಇನ್ನೊಂದು ಮಾತುಂಟು: ‘ಸವಳು’. ಎರಡನ್ನೂ ಪ್ರಾಸದಂತೆ ಜೋಡಿಸಿ ‘ಸವಳು-ಜವಳು’ ಎನ್ನುವುದು ವಾಡಿಕೆ. ಆದರೆ ಅವು ಪರ್ಯಾಯಗಳಲ್ಲ. ಜವಳು ‘ಜವುಗು’ ಎಂಬ ಮಾತಿನ ನಂಟ. ಅದು ಒದ್ದೆಯನ್ನು ಹೇಳುವುದು. ಸವಳು ಉಪ್ಪಿನ ರುಚಿಯನ್ನು ಹೇಳುವುದು. ತೆಲುಗಿನ ‘ಚೌಡು’ ಅದರ ಬಳಗದ್ದು. ಒಂದು ಕಾರಣ, ಇನ್ನೊಂದು ಕಾರ್ಯ. ಅಂತರ್ಜಲವು ನೆಲದ ಮೇಲ್ಮೈಗೆ ಒಂದೆರಡು ಮೀಟರುಗಳಷ್ಟು ಹತ್ತಿರ ಬಂದಾಗ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಮೇಲಕ್ಕೆ ಹೀರಲ್ಪಟ್ಟು, ಬಿಸಿಲಿಗೆ ಆರಿ, ತಾನು ತಂದ ಲವಣವನ್ನು ಮೇಲೆ ಬಿಟ್ಟುಹೋಗುವುದು. ಜವಳು ಮುಂದೆ ನಡೆದರೆ ಸವಳು ಹಿಂದೆ ಬರುವುದು. ಮಣ್ಣಿನ ಶಾಸ್ತ್ರಜ್ಞರು ವಿದ್ಯುದ್ವಾಹಕತೆಯು ಮೀಟರಿಗೆ ೪ ಡೆಸಿಸೀಮನ್ಸನ್ನು ಮೀರಿದರೆ ಲವಣಭೂಮಿಯೆಂದು ಗಣಿಸುವರು. ಒಕ್ಕಲಿಗನು ಬಿಳಿಯ ಪೊರೆಯನ್ನು ಕಂಡು ಅದನ್ನೇ ಹೇಳುವನು.

ಮಣ್ಣಿನ ಭೇದವೂ ಇದರೊಡನೆ ಸೇರುವುದು. ಹುನಗುಂದ, ಬಾಗಲಕೋಟೆಗಳ ಕರಿಯ ಎರೆಯು ಜೇಡಿಯಿಂದ ಕೂಡಿದುದು. ನೀರು ಕುಡಿದರೆ ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದು, ಬೇಗ ಜವಳಾಗುವುದು. ಬಾದಾಮಿಯ ಕೆಂಪು ಮರಳುಗಲ್ಲಿನಿಂದ ಹುಟ್ಟಿದ ನೆಲವೂ ಇಳಕಲ್ಲಿನ ಕೆಂಪು ಕಣಶಿಲೆಯ ಮೇಲಣ ಮಸಾರಿಯೂ ನೀರನ್ನು ಬೇಗ ಬಿಡುವುವು. ಪಟ್ಟದಕಲ್ಲಿನ ಹಳೆಯ ಹೆಸರಾದ ‘ಕಿಸುವೊಳಲ್’ ಎಂಬುದರಲ್ಲಿಯೂ ಸುತ್ತಣ ನಾಡಿನ ‘ಕಿಸುಕಾಡು’ ಎಂಬುದರಲ್ಲಿಯೂ ಈ ಕೆಂಪು ಶಾಸನಕಾಲದಿಂದ ಉಳಿದಿರುವುದು. ನೆಲದ ಬಣ್ಣವನ್ನು ನಾಡಿನ ಹೆಸರಾಗಿಸಿದ ಭಾಷೆಯೇ ನೆಲದ ರೋಗವನ್ನು ಜವಳು ಸವಳುಗಳೆಂದು ಬಿಡಿಸಿ ಹೇಳಿತು. ಇಷ್ಟು ನಿಖರವಾದ ಸಂಪತ್ತನ್ನು ಬಿಟ್ಟು ‘ಜಲಾವೃತ’ವೆಂಬ ಒಂದೇ ಹೊದಿಕೆಯಿಂದ ಎಲ್ಲವನ್ನೂ ಮುಚ್ಚುವುದು ಬಡತನವನ್ನು ಬೇಡಿ ತಂದಂತೆ.

೭

ಇದರಿಂದ ಆಗುವ ಹಾನಿಯೇನೆಂದು ಕೇಳಬಹುದು. ನೀರು ನಿಂತ ಮಣ್ಣಿನಲ್ಲಿ ಬಿಡಿಬಾಳುವ ಬ್ಯಾಕ್ಟೀರಿಯಗಳು ಸಾರಜನಕವನ್ನು ಕೂಡಿಸುವ ವಿಷಯದಲ್ಲಿ ನಮಗಿರುವ ತಿಳಿವಳಿಕೆಯಲ್ಲಿ ಹೆಚ್ಚಿನದು ಭತ್ತದ ನಾಡುಗಳಿಂದ ಬಂದುದು. ಢಾಕಾ, ಫಿಲಿಪ್ಪೀನ್ಸ್, ಜಪಾನುಗಳ ಗದ್ದೆಗಳಿಂದ. ಅಲ್ಲಿ ಹೆಕ್ಟೇರಿಗೆ ಒಂದು ಬೆಳೆಯಲ್ಲಿ ಕೆಲವೇ ಕಿಲೋಗ್ರಾಮಿನಿಂದ ಹಿಡಿದು ಮೂವತ್ತರವರೆಗೆ ಈ ಆದಾಯವನ್ನು ಅಂದಾಜು ಮಾಡಿರುವರು. ಬಾಗಲಕೋಟೆಯ ಸೀಮೆಯು ಜೋಳ, ಕಡಲೆ, ಸಜ್ಜೆ, ಕುಸುಬೆಗಳ ನಾಡು. ನೀರು ಬಂದಲ್ಲಿ ಕಬ್ಬು. ಇಲ್ಲಿ ನಿಂತ ನೀರು ಗದ್ದೆಯ ನೀರಲ್ಲ. ‘ಜಲಾವೃತ ಮಣ್ಣಿನಲ್ಲಿ ಫಲವತ್ತತೆ ಹೆಚ್ಚುವುದು’ ಎಂದು ಪಾಠವು ಹೇಳಿದರೆ, ತಂದೆಯ ಹೊಲವು ಜವಳಾಗಿ ಕಬ್ಬು ಹಳದಿಯಾಗಿರುವುದನ್ನು ಕಂಡ ಹುಡುಗನಿಗೆ ಎರಡೇ ದಾರಿ. ಒಂದೋ ಕಣ್ಣನ್ನು ನಂಬಿ ಪುಸ್ತಕವನ್ನು ಬಿಡಬೇಕು. ಇಲ್ಲವೇ ಪುಸ್ತಕವನ್ನು ನಂಬಿ ಕಣ್ಣನ್ನು ಬಿಡಬೇಕು. ವಿದ್ಯೆಗೆ ಇದಕ್ಕಿಂತ ಕೆಟ್ಟ ಗತಿಯಿಲ್ಲ.

ಇನ್ನೊಂದು ಹಾನಿಯು ಹಣಕ್ಕೆ ಸಂಬಂಧಿಸಿದುದು. ಅಜಟೊಬ್ಯಾಕ್ಟರಿನ ಪುಡಿಯನ್ನು ಜೀವಾಣು ಗೊಬ್ಬರವೆಂದು ಮಾರುವುದುಂಟು. ಅದು ಗಾಳಿಯನ್ನು ಬೇಡುವ ಜೀವಿಯೆಂಬುದನ್ನು ಮೇಲೆ ಹೇಳಿದೆ. ಗಾಳಿಗೆಟ್ಟ ಜವಳಿನಲ್ಲಿ ಅದರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಉಪ್ಪೇರಿದ ಸವಳಿನಲ್ಲಿ ಮಣ್ಣಿನ ಜೀವಿಗಳ ಚಟುವಟಿಕೆಯೇ ಕುಗ್ಗುವುದು. ಅಲ್ಲಿ ಮೊದಲು ಬೇಕಾದುದು ಬಸಿಗಾಲುವೆ, ಆಮೇಲೆ ನೀರಿನ ಮಿತಿ, ಆಮೇಲೆ ಕೊಳೆತ ಗೊಬ್ಬರ. ‘ಸ್ವತಂತ್ರಜೀವಿ’, ‘ಸ್ಥಿರೀಕರಣ’, ‘ಜಲಾವೃತ’ಗಳೆಂಬ ಮೂರು ಮಸುಕಾದ ಮಾತುಗಳು ಸೇರಿದರೆ ಈ ಕ್ರಮವೇ ತಲೆಕೆಳಗಾಗುವುದು.

೮

ಇಲ್ಲಿ ಕೆಲವು ಪೂರ್ವಪಕ್ಷಗಳಿಗೆ ಸಮಾಧಾನ ಹೇಳಬೇಕು. ಭಾರತದ ಭಾಷೆಗಳೆಲ್ಲ ಒಂದೇ ಸಂಸ್ಕೃತ ಪರಿಭಾಷೆಯನ್ನು ಹೊಂದಿದ್ದರೆ ವಿದ್ಯಾರ್ಥಿಗೆ ಅನುಕೂಲವೆಂಬ ವಾದವು ಮೊದಲನೆಯದು. ಆದರೆ ‘ಸಾರಜನಕ’ವೆಂದು ಬೇರೆ ದಾರಿ ಹಿಡಿದುದರಿಂದ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲವಷ್ಟೆ. ಮೇಲಾಗಿ ಇಲ್ಲಿಯ ಆಕ್ಷೇಪವು ಸಂಸ್ಕೃತದ ಮೇಲಲ್ಲ, ಅರ್ಥವೈಪರೀತ್ಯದ ಮೇಲೆ. ಹಿಂದಿಯಲ್ಲಿ ‘ಯೌಗಿಕೀಕರಣ’ವೆಂಬ ಮಾತೂ ಬಳಕೆಯಲ್ಲುಂಟು, ಸಂಯುಕ್ತವಾಗಿಸುವುದೆಂಬ ಅದರ ಅರ್ಥವು ವಸ್ತುವಿಗೆ ಹೆಚ್ಚು ಹತ್ತಿರ. ಅದೂ ಸಂಸ್ಕೃತವೇ.

ಎರಡನೆಯ ವಾದವು ಜವಳು ಸವಳುಗಳು ಪ್ರಾಂತಭೇದದ ಮಾತುಗಳೆಂಬುದು. ಯಾವ ಪ್ರಾಂತದಲ್ಲಿ ವಸ್ತುವುಂಟೋ ಆ ಪ್ರಾಂತದಿಂದಲೇ ಹೆಸರು ಬರತಕ್ಕದ್ದು ನ್ಯಾಯ. ಅಡಕೆಯ ರೋಗಕ್ಕೆ ಮಲೆನಾಡಿನ ಮಾತನ್ನು ನಾವು ಆಕ್ಷೇಪಣೆಯಿಲ್ಲದೆ ಒಪ್ಪುವೆವು. ನೀರಾವರಿಯ ರೋಗಕ್ಕೆ ಕೃಷ್ಣಾತೀರದ ಮಾತನ್ನು ಒಪ್ಪಲು ಸಂಕೋಚವೇಕೆ?

ಮೂರನೆಯದು ಇದಕ್ಕೆ ವಿರುದ್ಧವಾದ ಅತಿರೇಕ: ಜನರ ಮಾತೇ ಸಾಕು, ಪರಿಭಾಷೆ ಬೇಡವೆಂಬುದು. ಇದನ್ನೂ ಒಪ್ಪಲಾಗದು. ಜವಳೆಂಬ ಮಾತು ಒದ್ದೆಯನ್ನು ಹೇಳೀತು. ಆ ಒದ್ದೆಯೊಳಗೆ ಸಾರಜನಕವು ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದನ್ನು ಹೇಳಲಾರದು. ಕಣ್ಣಿಗೆ ಕಾಣದ ಜೀವಿಗೆ ಒಕ್ಕಲಿಗನ ನುಡಿಯಲ್ಲಿ ಹೆಸರಿಲ್ಲ. ಅದು ಅವನ ಕೊರತೆಯಲ್ಲ, ಸೂಕ್ಷ್ಮದರ್ಶಕವು ಕೊಟ್ಟ ಹೊಸ ಕಣ್ಣಿಗೆ ಹೊಸ ಮಾತು ಬೇಕೇ ಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ನಡಸಿದಾಗಲೂ, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದಾಗಲೂ ಎದುರಿಸಿದುದು ಈ ಕಷ್ಟವನ್ನೇ. ಹಳೆಯ ಮಾತು ಎಲ್ಲಿಯವರೆಗೆ ನಿಖರವೋ ಅಲ್ಲಿಯವರೆಗೆ ಅದನ್ನು ಹಿಡಿಯುವುದು, ಅದು ನಿಂತಲ್ಲಿ ಹೊಸದನ್ನು ಕಟ್ಟುವುದು. ಉಭಯರೂ ಒಪ್ಪಬಹುದಾದ ಮಾರ್ಗವು ಇದೇ.

೯

ಹಾಗಾದರೆ ‘ಸ್ಥಿರೀಕರಣ’ವನ್ನು ನಾಳೆಯೇ ನಿಘಂಟಿನಿಂದ ತೆಗೆದುಹಾಕಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಪರೀಕ್ಷೆಗಳಲ್ಲಿಯೂ ಪದಸೂಚಿಗಳಲ್ಲಿಯೂ ಅದು ಬೇರೂರಿರುವುದು. ರೂಢಿಯ ಬಲವನ್ನು ವಿಮರ್ಶಕನು ಅಲ್ಲಗಳೆಯಲಾರನು. ಆದರೆ ನಾಮಪದವು ಸೂಚಿಯಲ್ಲಿರಲಿ, ವಾಕ್ಯದಲ್ಲಿ ಕೆಲಸಮಾಡುವ ಕ್ರಿಯಾಪದವು ‘ಕೂಡಿಸು’ ಎಂದಿರಲಿ. ‘ಸ್ಥಿರೀಕರಿಸು’ ಎಂದಾಗ ಯಾವುದನ್ನು ಯಾವುದರೊಡನೆ ಎಂ‍ಬ ಪ್ರಶ್ನೆ ಏಳುವುದಿಲ್ಲ. ‘ಕೂಡಿಸು’ ಎಂದಕೂಡಲೆ ಯಾವುದರೊಡನೆ, ಯಾವ ಶಕ್ತಿಯಿಂದ, ಕೂಡಿದ ಮೇಲೆ ಏನಾಯಿತು ಎಂಬ ಮೂರು ಪ್ರಶ್ನೆಗಳೂ ತಾವಾಗಿಯೇ ಬರುವುವು. ಒಳ್ಳೆಯ ಪರಿಭಾಷೆಯ ಗುಣವು ಪ್ರಶ್ನೆಯನ್ನು ಮುಗಿಸುವುದಲ್ಲ, ಸರಿಯಾದ ಪ್ರಶ್ನೆಯನ್ನು ಎಬ್ಬಿಸುವುದು.

ಮೊದಲು ಎತ್ತಿಕೊಂಡ ವಾಕ್ಯವನ್ನು ಈ ದೃಷ್ಟಿಯಿಂದ ಹೀಗೆ ತಿದ್ದಬಹುದು. ‘ನೀರು ನಿಂತ ಮಣ್ಣಿನಲ್ಲಿ ಬಿಡಿಯಾಗಿ ಬಾಳುವ ಕೆಲವು ಬ್ಯಾಕ್ಟೀರಿಯಗಳು, ಹುಲ್ಲುದಂಟುಗಳ ಕೊಳೆತದಿಂದಲೋ ಬಿಸಿಲಿನಿಂದಲೋ ಶಕ್ತಿಯನ್ನು ಪಡೆದು, ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವಾಗಿಸುತ್ತವೆ, ಅದೇ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಹಿಂತಿರುಗಿಸುತ್ತವೆ. ಭತ್ತದ ಗದ್ದೆಯಲ್ಲಿ ಈ ಆದಾಯವು ಬೆಳೆಗೆ ನೆರವಾಗಬಹುದು. ಕಾಲುವೆಯ ನೀರಿನಿಂದ ಜವಳಾದ ನೆಲವು ಇದರಿಂದ ಗುಣವಾಗದು, ಅದಕ್ಕೆ ಬಸಿಗಾಲುವೆಯೇ ಬೇಕು.’

ವಾಕ್ಯವು ಉದ್ದವಾಯಿತೆಂದು ಆಕ್ಷೇಪಿಸಬಹುದು, ಆಗಿರುವುದು ನಿಜ. ಆದರೆ ಹುನಗುಂದದ ಶಾಲೆಯಲ್ಲಿ ಇದನ್ನು ಓದಿದ ಬಾಲಕನು ಮನೆಗೆ ಹೋಗಿ ಹೊಲವನ್ನು ನೋಡಿದಾಗ ಪುಸ್ತಕವೂ ಕಣ್ಣೂ ಜಗಳವಾಡವು. ಕನ್ನಡ ಬೋಧಕರು ವಿಜ್ಞಾನದ ಪಾಠವನ್ನು ತಮ್ಮದಲ್ಲವೆಂದು ಬದಿಗಿರಿಸದೆ, ಅದರ ಮಾತನ್ನಾದರೂ ತಮ್ಮ ವಿಚಾರಣೆಗೆ ಒಳಪಡಿಸುವರೆಂದು ಆಶಿಸಲಾಗಿದೆ.